ಆಸ್ಪತ್ರೆಯ ಬಿಲ್ಲು ನಿಗದಿಯಾಗುವುದು ಎಲ್ಲಿ?

ಖಾಸಗಿ ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕರೆತರುವ ದಿನ ಕುಟುಂಬದವರ ಕೈಗೆ ಬರುವ ಬಿಲ್ಲು ಈಗ ಹಲವು ಪುಟಗಳಷ್ಟಿರುತ್ತದೆ. ಕೈಗವಸು, ಸಿರಿಂಜು, ಹತ್ತಿ, ತಜ್ಞರ ಭೇಟಿ, ಹಾಸಿಗೆ, ಹೀಗೆ ಪ್ರತಿಯೊಂದಕ್ಕೂ ಒಂದು ಸಾಲು, ಒಂದು ಮೊತ್ತ. ಒಡವೆ ಅಡವಿಟ್ಟು, ಬಂಧುಗಳಲ್ಲಿ ಕೈಚಾಚಿ ಹಣ ಹೊಂದಿಸಿದವರ ಸಿಟ್ಟು ಸಹಜವಾಗಿಯೇ ಎದುರಿಗಿರುವವರ ಮೇಲೆ ತಿರುಗುತ್ತದೆ; ಬಿಲ್ಲು ಕೊಟ್ಟ ಕೌಂಟರಿನ ಗುಮಾಸ್ತನ ಮೇಲೆ, ರಾತ್ರಿ ಪಾಳಿಯ ಕಿರಿಯ ವೈದ್ಯರ ಮೇಲೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕ 2009ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತೆಂದರೆ ಈ ಸಿಟ್ಟಿನ ಪ್ರಮಾಣ ಎಷ್ಟೆಂಬುದನ್ನು ಊಹಿಸಬಹುದು. ಆದರೆ ಆ ಗುಮಾಸ್ತನಿಗಾಗಲಿ, ಆ ಕಿರಿಯ ವೈದ್ಯರಿಗಾಗಲಿ ದರ ನಿಗದಿಯಲ್ಲಿ ಯಾವ ಪಾತ್ರವೂ ಇಲ್ಲ. ಅದು ನಿರ್ಧಾರವಾಗುವ ಸ್ಥಳ ಬೇರೆ. ಶಾಸನಸಭೆಗೆ ಬಂದ ಮಸೂದೆಗೂ ಅಲ್ಲಿಂದ ಹೊರಬಿದ್ದ ಕಾಯ್ದೆಗೂ ನಡುವೆ ಇರುವ ಅಂತರದಲ್ಲಿ ಅದನ್ನು ಹುಡುಕಬೇಕು.

ಈ ಅಂತರ ಸ್ಪಷ್ಟವಾಗಿ ಕಾಣುವುದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ.

ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳ ನಿಯಂತ್ರಣಕ್ಕೆ ಇರುವುದು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಸಂಕ್ಷಿಪ್ತವಾಗಿ ಕೆಪಿಎಂಇ. ನೋಂದಣಿಯ ಆಚೆಗೆ ಅದು ರೋಗಿಯ ನೆರವಿಗೆ ಬಂದದ್ದು ಕಡಿಮೆ. ಇದಕ್ಕೆ ತಿದ್ದುಪಡಿ ತರಲು ಸಿದ್ದರಾಮಯ್ಯನವರ ಮೊದಲ ಸರ್ಕಾರವು ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಸಮಿತಿಯ ವರದಿ ಬಂದ ಬಳಿಕ, 2017ರ ಜೂನ್‌ನಲ್ಲಿ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಮಂಡಿಸಿದ ಮಸೂದೆ ಸಮಿತಿಯ ಶಿಫಾರಸುಗಳಿಗಿಂತ ಬಿಗಿಯಾಗಿತ್ತು. ಚಿಕಿತ್ಸೆಗಳಿಗೆ ಸರ್ಕಾರವೇ ದರ ನಿಗದಿಪಡಿಸುವುದು. ಮೀರಿದರೆ 25 ಸಾವಿರದಿಂದ 5 ಲಕ್ಷ ರೂಪಾಯಿವರೆಗೆ ದಂಡ, ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ. ರೋಗಿಗಳ ದೂರು ಆಲಿಸಲು ಜಿಲ್ಲೆಗೊಂದು ಕುಂದುಕೊರತೆ ಸಮಿತಿ. ಮುಖ್ಯವಾದ ಅಂಶಗಳು ಇವು.

ಮುಂದಿನದು ಓದುಗರಿಗೆ ನೆನಪಿರಬಹುದು. ಮಸೂದೆ ಮೊದಲು ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ನವೆಂಬರ್ 3ರಂದು ರಾಜ್ಯದಾದ್ಯಂತ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಬಾಗಿಲು ಮುಚ್ಚಿದವು. ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಆರಂಭವಾದಾಗ ಸಾವಿರಾರು ವೈದ್ಯರು ಅಲ್ಲಿಗೇ ತೆರಳಿ ಧರಣಿ ನಡೆಸಿದರು. ಮುಷ್ಕರ ಬೆಂಗಳೂರಿಗೂ ವ್ಯಾಪಿಸಿತು. ಚಿಕಿತ್ಸೆ ಸಿಗದೆ ರೋಗಿಗಳು ಮೃತಪಟ್ಟ ವರದಿಗಳು ಜಿಲ್ಲೆಗಳಿಂದ ಬಂದವು. ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ನವೆಂಬರ್ 17ರಂದು ಮುಖ್ಯಮಂತ್ರಿಯೊಂದಿಗೆ ಮಾತುಕತೆ ನಡೆದು ಮುಷ್ಕರ ನಿಂತಿತು. ಅದೇ ಅಧಿವೇಶನದಲ್ಲಿ ಮಸೂದೆ ಅಂಗೀಕಾರವನ್ನೂ ಪಡೆಯಿತು.

ಅಂಗೀಕಾರವಾದದ್ದು ಮಾತ್ರ ಜೂನ್‌ನಲ್ಲಿ ಬಂದ ಮಸೂದೆಯಲ್ಲ. ಸರ್ಕಾರ ದರ ಕಟ್ಟುವ ಅಧಿಕಾರವು ಸರ್ಕಾರಿ ಆರೋಗ್ಯ ಯೋಜನೆಗಳಡಿ ದಾಖಲಾಗುವ ರೋಗಿಗಳಿಗಷ್ಟೇ ಸೀಮಿತವಾಯಿತು. ಸ್ವಂತ ಹಣದಲ್ಲಿ ಚಿಕಿತ್ಸೆ ಪಡೆಯುವವನ ಪಾಲಿಗೆ ಉಳಿದದ್ದು ಒಂದೇ: ಆಸ್ಪತ್ರೆ ತನ್ನ ದರವನ್ನು ತಾನೇ ಬರೆದು ಫಲಕದಲ್ಲಿ ಹಾಕಬೇಕು, ಅದನ್ನು ಮೀರಬಾರದು. ದರ ಎಷ್ಟಿರಬೇಕೆಂಬುದು ಆಸ್ಪತ್ರೆಗೇ ಬಿಟ್ಟ ವಿಚಾರ. ಹೆಚ್ಚು ಹಣ ಕಿತ್ತರೆ ಸೆರೆವಾಸ ಎಂಬುದು ಬಿದ್ದುಹೋಯಿತು. ಪ್ರತ್ಯೇಕ ಕುಂದುಕೊರತೆ ಸಮಿತಿಯ ಬದಲು, ಆಸ್ಪತ್ರೆಗಳನ್ನು ನೋಂದಾಯಿಸುವ ಪ್ರಾಧಿಕಾರಕ್ಕೇ ದೂರು ಆಲಿಸುವ ಹೊಣೆಯನ್ನೂ ವಹಿಸಲಾಯಿತು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು ಎಂದು ಆಗ ಅನೇಕರು ಹೇಳಿದರು. ಸಿಕ್ಕಿದ್ದು ಇಲಿಗಿಂತ ಸ್ವಲ್ಪ ದೊಡ್ಡದೆಂಬುದನ್ನು ಕೊನೆಯಲ್ಲಿ ನೋಡೋಣ.

ವೈದ್ಯರ ವಾದದಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ಸರ್ಕಾರಿ ಆಸ್ಪತ್ರೆಗಳನ್ನು ಕಾಯ್ದೆಯ ಹೊರಗಿಟ್ಟು ಖಾಸಗಿಯವರನ್ನಷ್ಟೇ ಹಿಡಿಯುವುದು ಯಾವ ನ್ಯಾಯ ಎಂದು ಅವರು ಕೇಳಿದ್ದು ಸರಿಯಾಗಿಯೇ ಇತ್ತು. ತಾಲ್ಲೂಕು ಕೇಂದ್ರದ ಹತ್ತು ಹಾಸಿಗೆಯ ನರ್ಸಿಂಗ್ ಹೋಮನ್ನೂ ಬೆಂಗಳೂರಿನ ಬಹುಮಹಡಿ ಆಸ್ಪತ್ರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟವೇ. ಆದರೆ ಗಮನಿಸಬೇಕಾದದ್ದು ಇದು: ಬೀದಿಗೆ ಬಂದ ಮುಖ ಊರಿನ ಪರಿಚಿತ ಡಾಕ್ಟರರದ್ದು, ಮಸೂದೆ ಸಡಿಲವಾದ ಲಾಭ ಹೆಚ್ಚಾಗಿ ಸಂದದ್ದು ದೊಡ್ಡ ಸರಣಿ ಆಸ್ಪತ್ರೆಗಳಿಗೆ. ಆಸ್ಪತ್ರೆ ಕ್ಷೇತ್ರಕ್ಕೆ 2000ದಿಂದಲೇ ನೂರಕ್ಕೆ ನೂರು ವಿದೇಶಿ ಬಂಡವಾಳಕ್ಕೆ ಅವಕಾಶವಿದೆ. ಫೋರ್ಟಿಸ್‌ನ ನಿಯಂತ್ರಣ 2018ರಲ್ಲಿ ಮಲೇಷ್ಯಾದ ಐಎಚ್‌ಎಚ್ ಸಂಸ್ಥೆಗೆ ಹೋಯಿತು. ಬೆಂಗಳೂರು ಮೂಲದ ಮಣಿಪಾಲ್ ಆಸ್ಪತ್ರೆ ಸಮೂಹದ ಬಹುಪಾಲು ಷೇರು 2023ರಲ್ಲಿ ಸಿಂಗಪುರದ ಟೆಮಾಸೆಕ್ ಪಾಲಾಯಿತು. ಹೂಡಿದ ಹಣಕ್ಕೆ ಪ್ರತಿಫಲ ಕೇಳುವುದು ಹೂಡಿಕೆದಾರರ ಧರ್ಮ. ಆ ಪ್ರತಿಫಲ ಬರುವುದು ಮೊದಲು ಹೇಳಿದ ಆ ಬಿಲ್ಲಿನ ಸಾಲುಗಳಿಂದ.

ಇನ್ನೊಂದು ಸಂಗತಿಯೂ ಇದೆ. ಅಮೆರಿಕದಂತಹ ದೇಶಗಳಲ್ಲಿ ಉದ್ಯಮದ ಪರವಾಗಿ ಜನಪ್ರತಿನಿಧಿಗಳ ಮನವೊಲಿಸಲು ಸಂಬಳದ ಮಧ್ಯವರ್ತಿಗಳಿರುತ್ತಾರೆ. ಕರ್ನಾಟಕದಲ್ಲಿ ಅಷ್ಟು ದೂರ ಹೋಗಬೇಕಾಗಿಲ್ಲ. ವೈದ್ಯಕೀಯ ಕಾಲೇಜು ಮತ್ತು ಅದಕ್ಕೆ ಹೊಂದಿಕೊಂಡ ಆಸ್ಪತ್ರೆ ನಡೆಸುವ ಸಂಸ್ಥೆಗಳ ಮುಖ್ಯಸ್ಥರೇ ಸದನದಲ್ಲಿ ಕೂರುವುದು ಇಲ್ಲಿ ಹಳೆಯ ಪರಿಪಾಠ. ತುಮಕೂರಿನ ಸಿದ್ಧಾರ್ಥ ಸಂಸ್ಥೆಗಳು ಜಿ. ಪರಮೇಶ್ವರ ಅವರ ಕುಟುಂಬದವು. ವಿಜಯಪುರದ ಬಿಎಲ್‌ಡಿಇ ಸಂಸ್ಥೆಯ ಚುಕ್ಕಾಣಿ ಹಿಡಿದವರು ಎಂ.ಬಿ. ಪಾಟೀಲ; ಬೆಳಗಾವಿಯ ಕೆಎಲ್‌ಇ ಸಂಸ್ಥೆಯನ್ನು ದಶಕಗಳ ಕಾಲ ನಡೆಸಿದ ಪ್ರಭಾಕರ ಕೋರೆ ಬಿಜೆಪಿಯಿಂದ ರಾಜ್ಯಸಭಾ ಸದಸ್ಯರಾಗಿದ್ದವರು. ಇದರಲ್ಲಿ ಕಾನೂನಿಗೆ ವಿರುದ್ಧವಾದುದು ಏನೂ ಇಲ್ಲ. ಹಿಂದುಳಿದ ಪ್ರದೇಶಗಳಿಗೆ ಆಸ್ಪತ್ರೆ ತಂದ ಶ್ರೇಯಸ್ಸೂ ಇಂತಹ ಸಂಸ್ಥೆಗಳಿಗೆ ಸಲ್ಲುತ್ತದೆ. ಆದರೆ ಆಸ್ಪತ್ರೆಯ ದರ ಚರ್ಚೆಗೆ ಬಂದಾಗ ರೋಗಿಯ ಪರವಾಗಿ ಮಾತನಾಡಬೇಕಾದವರೂ ಆಸ್ಪತ್ರೆಯ ಒಡೆತನದ ಕಷ್ಟಸುಖ ಬಲ್ಲವರೂ ಒಂದೇ ಪೀಠದಲ್ಲಿರುತ್ತಾರೆಂಬುದನ್ನು ಮತದಾರ ತಿಳಿದಿರುವುದು ಒಳ್ಳೆಯದು. ಇದಕ್ಕೆ ಪಕ್ಷಭೇದವಿಲ್ಲ.

ಸ್ಟೆಂಟ್ ಕಲಿಸಿದ ಪಾಠ

ಅದೇ 2017ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. ಹೃದಯದ ರಕ್ತನಾಳದಲ್ಲಿ ಅಳವಡಿಸುವ ಸ್ಟೆಂಟ್‌ಗೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವು ಗರಿಷ್ಠ ಬೆಲೆ ಕಟ್ಟಿತು: ಬರಿಯ ಲೋಹದ್ದಕ್ಕೆ 7,260 ರೂಪಾಯಿ, ಔಷಧ ಲೇಪಿತವಾದುದಕ್ಕೆ 29,600 ರೂಪಾಯಿ. ಅಲ್ಲಿಯವರೆಗೆ ಔಷಧ ಲೇಪಿತ ಸ್ಟೆಂಟ್‌ಗೆ ರೋಗಿಗಳು ಲಕ್ಷ ರೂಪಾಯಿಗೂ ಹೆಚ್ಚು ತೆರುತ್ತಿದ್ದರು. ಕಾರ್ಖಾನೆಯಿಂದ ರೋಗಿಯವರೆಗಿನ ದಾರಿಯಲ್ಲಿ ಲಾಭದ ಪ್ರಮಾಣ ಶೇ 654ರವರೆಗೂ ಏರುತ್ತಿತ್ತೆಂದು ಪ್ರಾಧಿಕಾರವೇ ಲೆಕ್ಕ ಹಾಕಿತ್ತು. ಈ ನಿಯಂತ್ರಣಕ್ಕೆ ಕಾರಣವಾದದ್ದು ದೆಹಲಿಯ ವಕೀಲರೊಬ್ಬರು ಹೈಕೋರ್ಟಿನಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ.

ಪರಿಣಾಮ ಕೂಡಲೇ ಕಾಣಿಸಿತು. ಕೆಲವು ವಿದೇಶಿ ಕಂಪನಿಗಳು ತಮ್ಮ ಉತ್ಪನ್ನಗಳನ್ನು ಭಾರತದ ಮಾರುಕಟ್ಟೆಯಿಂದ ಹಿಂತೆಗೆಯಲು ಅನುಮತಿ ಕೇಳಿದವು. ಅಮೆರಿಕದ ವೈದ್ಯಕೀಯ ಉಪಕರಣ ಉದ್ಯಮ ತನ್ನ ಸರ್ಕಾರದ ಮೊರೆಹೋಯಿತು. ಭಾರತದ ರಫ್ತಿಗೆ ಅಮೆರಿಕ ಕೊಡುತ್ತಿದ್ದ ಸುಂಕ ವಿನಾಯಿತಿಯನ್ನು 2019ರ ಜೂನ್‌ನಲ್ಲಿ ರದ್ದುಪಡಿಸುವ ಮುನ್ನ ನಡೆದ ಪರಿಶೀಲನೆಯಲ್ಲಿ ಈ ಬೆಲೆ ನಿಯಂತ್ರಣದ ದೂರೂ ಸೇರಿತ್ತು. ಹೃದ್ರೋಗಿಯ ಬಿಲ್ಲಿನಲ್ಲಿರುವ ಒಂದು ಸಾಲು ಎರಡು ದೇಶಗಳ ವಾಣಿಜ್ಯ ವಿವಾದದವರೆಗೆ ಚಾಚಿಕೊಂಡಿತ್ತೆಂಬುದು ಸಣ್ಣ ಸಂಗತಿಯಲ್ಲ. ಆದರೂ ಬೆಲೆ ಹಿಂದಿನ ಮಟ್ಟಕ್ಕೆ ಮರಳಲಿಲ್ಲ. 2017ರ ಆಗಸ್ಟ್‌ನಲ್ಲಿ ಮಂಡಿ ಚಿಪ್ಪು ಬದಲಾವಣೆಯ ಉಪಕರಣಗಳಿಗೂ ಮಿತಿ ಬಂದು, ಹೆಚ್ಚು ಬಳಕೆಯಲ್ಲಿದ್ದ ಮಾದರಿಯ ಬೆಲೆ ಒಂದೂವರೆ ಲಕ್ಷದ ಆಸುಪಾಸಿನಿಂದ 54,720 ರೂಪಾಯಿಗೆ ಇಳಿಯಿತು.

ಒಂದು ಕಡೆ ಅದುಮಿದರೆ ಇನ್ನೊಂದು ಕಡೆ ಉಬ್ಬುವುದೂ ಉಂಟು. ದೆಹಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಪರಿಶೀಲಿಸಿ ಇದೇ ಪ್ರಾಧಿಕಾರ 2018ರ ಫೆಬ್ರವರಿಯಲ್ಲಿ ಪ್ರಕಟಿಸಿದ ವರದಿಯಂತೆ, ಔಷಧ ಮತ್ತು ಬಳಸಿ ಬಿಸಾಡುವ ಸಾಮಗ್ರಿಗಳ ಮೇಲೆ ಆಸ್ಪತ್ರೆಗಳ ಲಾಭ ಶೇ 1,737ರಷ್ಟು ಎತ್ತರಕ್ಕೂ ಹೋಗಿತ್ತು. ಸೋಜಿಗವೆಂದರೆ ಪೊಟ್ಟಣದ ಮೇಲೆ ಮುದ್ರಿಸಿದ ಗರಿಷ್ಠ ಮಾರಾಟ ಬೆಲೆಯನ್ನು ಆಸ್ಪತ್ರೆಗಳು ಮೀರಿರಲಿಲ್ಲ. ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಆಸ್ಪತ್ರೆಗೆ ಅನುಕೂಲವಾಗುವಂತೆ ಆ ಬೆಲೆಯನ್ನೇ ಉಬ್ಬಿಸಿ ಮುದ್ರಿಸಲಾಗುತ್ತಿತ್ತು. ಒಳಗಿನ ಔಷಧ ಅಂಗಡಿಯಲ್ಲೇ ಕೊಳ್ಳಬೇಕಾದ ರೋಗಿಗೆ ಹೋಲಿಸಿ ನೋಡುವ ದಾರಿಯಿರಲಿಲ್ಲ.

ಹಣ ಹರಿದ ದಾರಿ

ಇದೇ 2017ರಲ್ಲಿ ಮೂರನೆಯದೊಂದು ಬದಲಾವಣೆಯೂ ಆಯಿತು. ಅಲ್ಲಿಯವರೆಗೆ ಕಂಪನಿಯೊಂದು ರಾಜಕೀಯ ಪಕ್ಷಗಳಿಗೆ ಕೊಡಬಹುದಾದ ದೇಣಿಗೆಗೆ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 7.5ರ ಮಿತಿ ಇತ್ತು. ಆ ವರ್ಷದ ಹಣಕಾಸು ಕಾಯ್ದೆ ಆ ಮಿತಿಯನ್ನು ತೆಗೆಯಿತು. ಯಾವ ಪಕ್ಷಕ್ಕೆ ಕೊಟ್ಟೆವೆಂದು ಷೇರುದಾರರಿಗೂ ತಿಳಿಸಬೇಕಾಗಿಲ್ಲ ಎಂದಾಯಿತು. 2018ರ ಜನವರಿಯಲ್ಲಿ ಚುನಾವಣಾ ಬಾಂಡ್ ಯೋಜನೆ ಜಾರಿಗೆ ಬಂತು.

ಆರು ವರ್ಷದ ಬಳಿಕ, 2024ರ ಫೆಬ್ರವರಿ 15ರಂದು, ಐವರು ನ್ಯಾಯಮೂರ್ತಿಗಳ ಪೀಠ ಈ ಯೋಜನೆಯನ್ನು ಸಂವಿಧಾನಬಾಹಿರವೆಂದು ರದ್ದುಗೊಳಿಸಿತು; ಕಂಪನಿಗಳ ದೇಣಿಗೆ ಮಿತಿಯನ್ನು ತೆಗೆದದ್ದೂ ಸಲ್ಲದೆಂದಿತು. ಮಾರ್ಚ್‌ನಲ್ಲಿ ಹೊರಬಿದ್ದ ಖರೀದಿದಾರರ ಪಟ್ಟಿಯಲ್ಲಿ ಔಷಧ ಹಾಗೂ ಆಸ್ಪತ್ರೆ ಉದ್ಯಮದ ಹೆಸರುಗಳು ಸಾಕಷ್ಟಿದ್ದವು. ಯಶೋದಾ ಸೂಪರ್ ಸ್ಪೆಷಾಲಿಟಿ ಹಾಸ್ಪಿಟಲ್ ಹೆಸರಿನಲ್ಲಿ 162 ಕೋಟಿ ರೂಪಾಯಿ, ಡಾ. ರೆಡ್ಡೀಸ್ 84 ಕೋಟಿ, ಟೊರೆಂಟ್ ಫಾರ್ಮಾ 77.5 ಕೋಟಿ. ಡೋಲೊ ಮಾತ್ರೆಯಿಂದ ಮನೆಮಾತಾದ ಬೆಂಗಳೂರಿನ ಮೈಕ್ರೋ ಲ್ಯಾಬ್ಸ್ ಕೂಡ ಪಟ್ಟಿಯಲ್ಲಿತ್ತು. 2022ರ ಜುಲೈನಲ್ಲಿ ಅದರ ಮೇಲೆ ಆದಾಯ ತೆರಿಗೆ ದಾಳಿ ನಡೆದಿತ್ತು. ವೈದ್ಯರಿಗೆ ಉಡುಗೊರೆ ನೀಡಿದ ಆರೋಪವನ್ನು ಕಂಪನಿ ಅಲ್ಲಗಳೆದಿತ್ತು. ದೇಣಿಗೆ ಕೊಟ್ಟ ಕಾರಣಕ್ಕೇ ಇಂತಹ ಅನುಕೂಲ ಸಿಕ್ಕಿತೆಂದು ಈ ಪಟ್ಟಿ ಸಾಬೀತುಪಡಿಸುವುದಿಲ್ಲ, ಹಾಗೆ ಹೇಳುವುದೂ ತಪ್ಪಾದೀತು. ಬೆಲೆಯನ್ನೂ ಗುಣಮಟ್ಟವನ್ನೂ ಸರ್ಕಾರ ನಿಯಂತ್ರಿಸಬೇಕಾದ ಉದ್ಯಮವೇ ಸರ್ಕಾರ ನಡೆಸುವ, ನಡೆಸಲು ಹಂಬಲಿಸುವ ಪಕ್ಷಗಳಿಗೆ ಗುಟ್ಟಾಗಿ ಹಣ ಕೊಡುತ್ತಿತ್ತೆಂಬುದಷ್ಟು ಮಾತ್ರ ನಿರ್ವಿವಾದ. ಬಾಂಡ್ ಹೋದರೂ ಚುನಾವಣಾ ಟ್ರಸ್ಟ್‌ಗಳ ಮೂಲಕ ಕಂಪನಿಗಳ ದೇಣಿಗೆ ನಿಂತಿಲ್ಲ. ಅದರ ಲೆಕ್ಕ ಚುನಾವಣಾ ಆಯೋಗಕ್ಕೆ ಸಲ್ಲುತ್ತದೆ ಎಂಬುದು ಸಮಾಧಾನ.

ದರ ಕಟ್ಟಲು ಆಗದೆ?

ಖಾಸಗಿ ಆಸ್ಪತ್ರೆಗೆ ದರ ಕಟ್ಟುವುದು ಅಪ್ರಾಯೋಗಿಕ ಎಂಬುದು 2017ರಲ್ಲಿ ಕೇಳಿಬಂದ ಬಲವಾದ ವಾದ. ಮೂರೇ ವರ್ಷದಲ್ಲಿ ಕೋವಿಡ್ ಅದಕ್ಕೆ ಉತ್ತರ ಕೊಟ್ಟಿತು. 2020ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಆಸ್ಪತ್ರೆಗಳಲ್ಲಿ ಕೋವಿಡ್ ಚಿಕಿತ್ಸೆಯ ದಿನದ ದರ ನಿಗದಿಪಡಿಸಿತು. ಸರ್ಕಾರ ಕಳಿಸಿದ ರೋಗಿಗೆ ಸಾಮಾನ್ಯ ವಾರ್ಡಿನಲ್ಲಿ 5,200, ವೆಂಟಿಲೇಟರ್ ಸಹಿತ ತೀವ್ರ ನಿಗಾ ಘಟಕದಲ್ಲಿ 10,000 ರೂಪಾಯಿ. ಸ್ವಂತ ಹಣ ಕೊಡುವವರಿಗೆ ಕ್ರಮವಾಗಿ 10,000 ಮತ್ತು 25,000 ರೂಪಾಯಿ. ಉಲ್ಲಂಘನೆಗಳು ಬೇಕಾದಷ್ಟು ನಡೆದವು. ಆದರೂ ಕೈಯಲ್ಲಿ ಸರ್ಕಾರಿ ಆದೇಶವಿದ್ದುದರಿಂದ ಜನ ವಾದಿಸಲು ಸಾಧ್ಯವಾಯಿತು. 2024ರಲ್ಲಿ ಡೆಂಗಿ ಉಲ್ಬಣಿಸಿದಾಗಲೂ ಎಲಿಸಾ ಪರೀಕ್ಷೆಗೆ ತಲಾ 300 ರೂಪಾಯಿ, ರ್‍ಯಾಪಿಡ್ ಪರೀಕ್ಷೆಗೆ 250 ರೂಪಾಯಿ ಎಂದು ರಾಜ್ಯ ದರ ಕಟ್ಟಿತು. ಮನಸ್ಸಿದ್ದಲ್ಲಿ ಮಾರ್ಗ ಸಿಕ್ಕಿದೆ. ಮನಸ್ಸು ಬರುವುದು ಸಾಂಕ್ರಾಮಿಕ ಬಂದಾಗ ಮಾತ್ರ ಎಂಬುದೇ ತೊಡಕು.

ನ್ಯಾಯಾಲಯದಿಂದಲೂ ಪೂರ್ಣ ಪರಿಹಾರ ನಿರೀಕ್ಷಿಸುವಂತಿಲ್ಲ. ಆಸ್ಪತ್ರೆಯ ಔಷಧ ಅಂಗಡಿಯಲ್ಲೇ ಕೊಳ್ಳುವಂತೆ ರೋಗಿಗಳನ್ನು ಬಲವಂತಪಡಿಸುವುದರ ವಿರುದ್ಧ ಸಲ್ಲಿಕೆಯಾಗಿದ್ದ ಅರ್ಜಿಯನ್ನು 2025ರ ಮಾರ್ಚ್ 4ರಂದು ವಿಲೇವಾರಿ ಮಾಡಿದ ಸುಪ್ರೀಂ ಕೋರ್ಟ್, ಶೋಷಣೆಯ ದೂರನ್ನು ತಳ್ಳಿಹಾಕದೆ, ಇದು ನೀತಿಯ ವಿಷಯವಾದ್ದರಿಂದ ರಾಜ್ಯ ಸರ್ಕಾರಗಳೇ ಪರಿಶೀಲಿಸಲಿ ಎಂದಿತು. ಆರೋಗ್ಯ ಸಂವಿಧಾನದಲ್ಲಿ ರಾಜ್ಯಪಟ್ಟಿಯ ವಿಷಯ. ಅಂದರೆ ಚೆಂಡು ಮತ್ತೆ ಬಂದು ಬಿದ್ದದ್ದು ವಿಧಾನಸೌಧದ ಅಂಗಳದಲ್ಲೇ.

ಸಡಿಲಗೊಂಡ ಕಾಯ್ದೆಯಲ್ಲೂ ಉಳಿದಿರುವುದನ್ನು ಈಗ ನೋಡೋಣ. ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕಾಗಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಬಾಕಿ ಹಣದ ನೆಪದಲ್ಲಿ ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಬಾಕಿಯನ್ನು ಆಮೇಲೆ ವಸೂಲು ಮಾಡಿಕೊಳ್ಳಬೇಕು. ದರ ಫಲಕ ಜನರಿಗೆ ಕಾಣುವಂತಿರಬೇಕು. ಆ ಫಲಕ ಕಾಣದಿದ್ದರೆ, ಅಥವಾ ಬಿಲ್ಲು ಅದನ್ನು ಮೀರಿದರೆ, ದೂರು ಕೊಡಬೇಕಾದದ್ದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪು ನೀಡಿರುವುದರಿಂದ ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ. ಎರಡು ಕಡೆಯೂ ಮೊದಲು ಕೇಳುವುದು ಸಾಲುಸಾಲಾಗಿ ವಿವರವಿರುವ ಪೂರ್ಣ ಬಿಲ್ಲನ್ನು. ಮನೆಗೆ ಹೊರಡುವ ಗಡಿಬಿಡಿಯಲ್ಲಿ ಒಟ್ಟು ಮೊತ್ತದ ರಸೀದಿಯನ್ನಷ್ಟೇ ಪಡೆದು ಬರುವವರೇ ಹೆಚ್ಚು.