ಹೊಳೆದಂಡೆಯ ಮನೆ: ವಿಮೆ ಎಷ್ಟು ಸಲ ಕಟ್ಟಿಕೊಡಬೇಕು?



2020ರ ಅಕ್ಟೋಬರದಲ್ಲಿ ಭೀಮೆಗೂ 2025ರ ಸಪ್ಟೆಂಬರದಲ್ಲಿ ಸೀನೆಗೂ ಮಹಾಪೂರ ಬಂದು, ಸೊಲ್ಲಾಪುರ ಜಿಲ್ಲೆಯ ಹೊಳೆಸಾಲಿನಲ್ಲಿ ಕಬ್ಬಿನ ಜೊತೆಗೆ ಮನೆಮಾರುಗಳೂ ಹಾಳಾದುದು ತಮಗೆ ತಿಳಿದೇ ಇದೆ. ಗಟ ಸಭೆಗಳಲ್ಲಿ ಕೇಳಿಬರುವ ಪ್ರಶ್ನೆ ಇದು: ವಿಮೆ ಇಳಿಸಿದ ಮನೆಯನ್ನು ಹೊಳೆ ಕೆಡವಿದರೆ, ಕಂಪನಿಯು ಅದನ್ನು ಅದೇ ಜಾಗದಲ್ಲಿ ಎಷ್ಟು ಸಲವಾದರೂ ಕಟ್ಟಿಕೊಡಬೇಕಲ್ಲವೇ? ಬೆಳೆ ವಿಮೆಯ ಮಾತು ಬೇರೆ. ಇಲ್ಲಿ ವಾಸದ ಮನೆಯನ್ನಷ್ಟೇ ವಿಚಾರಿಸೋಣ.

ಮೊದಲು ಲೆಕ್ಕ ನೋಡೋಣ. ಮಹಾರಾಷ್ಟ್ರದಲ್ಲಿ ಹೊಳೆಗಳಿಗೆ ನೀಲಿ ಮತ್ತು ಕೆಂಪು ಎಂಬ ಎರಡು ಪೂರರೇಖೆಗಳನ್ನು ಗುರುತಿಸುವ ಪದ್ಧತಿ ಇದೆ. ಸರಾಸರಿ 25 ವರ್ಷಕ್ಕೊಮ್ಮೆ ಬರುವ ಪೂರದ ಮಟ್ಟ ನೀಲಿ ರೇಖೆ; 100 ವರ್ಷಕ್ಕೊಮ್ಮೆ ಬರುವುದರ ಮಟ್ಟ ಕೆಂಪು ರೇಖೆ. ಒಮ್ಮೆ ಬಂದುಹೋದರೆ ಮುಂದಿನ 24 ವರ್ಷ ನಿಶ್ಚಿಂತೆ ಎಂದು ಇದರ ಅರ್ಥವಲ್ಲ. ನೀಲಿ ರೇಖೆಗೆ ನೀರು ಮುಟ್ಟುವ ಸಂಭವ ಪ್ರತಿ ವರ್ಷವೂ ನೂರಕ್ಕೆ 4. ಆ ರೇಖೆಯ ಮೇಲೆ 20 ವರ್ಷದ ಸಾಲ ತೆಗೆದು ಮನೆ ಕಟ್ಟಿದರೆ, ಸಾಲ ತೀರುವ ಮೊದಲೇ ನೀರು ಬರುವ ಸಂಭವ ಅರ್ಧಕ್ಕಿಂತ ಹೆಚ್ಚು.

ಹತ್ತು ಲಕ್ಷ ರೂಪಾಯಿಯ ಮನೆ ಅಂಥ ಒಂದು ಪೂರಕ್ಕೆ ಪೂರ್ಣ ಬೀಳುವುದಾದರೆ, ನೀಲಿ ರೇಖೆಯಲ್ಲಿ ವಿಮೆಯ ನಿಜವಾದ ಹಪ್ತೆ ವರ್ಷಕ್ಕೆ 40,000 ರೂಪಾಯಿ. ಕೆಂಪು ರೇಖೆಯಲ್ಲಿ 10,000. ಇದನ್ನು ಅಗ್ಗ ಮಾಡಿದರೆ ಉಳಿದ ಹಣವನ್ನು ಎತ್ತರದಲ್ಲಿರುವ ವಿಮೆದಾರನೋ ಸರಕಾರವೋ ಭರಿಸಬೇಕು. ಒಬ್ಬನು ಸೋಗೆ, ಮಣ್ಣು ಸಮೇತ ಕಬ್ಬು ಕಳಿಸಿದರೆ ಎಲ್ಲರ ರಿಕವರಿ ಇಳಿಯುವಂತೆಯೇ ಇದು.

ಅಮೆರಿಕೆಯಲ್ಲಿ ಹೀಗೆಯೇ ಆಯಿತು. 1968ರ ಕಾನೂನಿನಂತೆ ಅಲ್ಲಿ ಸರಕಾರವೇ ಪೂರ ವಿಮೆ ಆರಂಭಿಸಿ, ಹಳೆಯ ಮನೆಗಳಿಗೆ ಹಪ್ತೆ ಕಡಿಮೆ ಇಟ್ಟಿತು. ಕೆಲವು ಮನೆಗಳು ಮತ್ತೆ ಮತ್ತೆ ಮುಳುಗಿ, ಮತ್ತೆ ಮತ್ತೆ ಪರಿಹಾರ ಪಡೆದವು. 2005ರ ಕತ್ರಿನಾ ಚಂಡಮಾರುತದಿಂದ ಯೋಜನೆಯ ಸಾಲ ಬೆಟ್ಟದಷ್ಟಾಯಿತು. 2017ರಲ್ಲಿ 1,600 ಕೋಟಿ ಡಾಲರ್ ಮನ್ನಾ ಮಾಡಿದ ಮೇಲೂ 2,000 ಕೋಟಿಗಿಂತ ಹೆಚ್ಚು ಉಳಿಯಿತು.

ಆದರೆ ಅಲ್ಲಿಯ ಒಂದು ನಿಯಮ ನಾವು ಕಲಿಯತಕ್ಕದ್ದು. ಹಾನಿಯು ಮನೆಯ ಬೆಲೆಯ ಅರ್ಧ ಮುಟ್ಟಿದರೆ, ನಿಗದಿಯಾದ ಪೂರಮಟ್ಟಕ್ಕೆ ಎತ್ತರಿಸಿಯೇ ಮರಳಿ ಕಟ್ಟಬೇಕು. 1993ರಲ್ಲಿ ಮಿಸಿಸಿಪ್ಪಿ ನದಿ ಮುಳುಗಿಸಿದ ವಾಲ್ಮೆಯರ್ ಎಂಬ ಊರಂತೂ ಸರಕಾರದ ನೆರವಿನಿಂದ ಗುಡ್ಡವೇರಿ ಹೊಸದಾಗಿ ನೆಲೆಸಿತು.

ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಬಂದ ‘ಭಾರತ ಗೃಹ ರಕ್ಷಾ’ ಪಾಲಿಸಿಯಲ್ಲಿ ಪೂರದ ಹಾನಿಯೂ ಸೇರಿದೆ. ಅದು ಕಟ್ಟಡದ ಖರ್ಚನ್ನು ಲೆಕ್ಕ ಹಿಡಿಯುತ್ತದೆ, ಜಾಗದ ಬೆಲೆಯನ್ನಲ್ಲ. ಎತ್ತರಕ್ಕೆ ಹೋಗಲು ಮನಸ್ಸಿದ್ದವನೂ ಇಲ್ಲಿಯೇ ತಡೆಯುತ್ತಾನೆ. ಹೊಳೆಸಾಲಿನವರು ಹುಚ್ಚುತನದಿಂದ ಅಲ್ಲಿ ನಿಂತವರಲ್ಲ. ನೀರು, ಎರೆಮಣ್ಣು ಅಲ್ಲಿವೆ, ಬೇರೆಡೆ ಜಾಗ ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಮೊದಲ ಹಾನಿಗೆ ವಿಮೆ ಪೂರ್ಣ ಕೊಡಲಿ. ಅರ್ಧಕ್ಕಿಂತ ಹೆಚ್ಚು ಬಿದ್ದ ಮನೆಗೆ, ಎತ್ತರಿಸಲು ಅಥವಾ ಕೆಂಪು ರೇಖೆಯಾಚೆ ಹೋಗಲು ಹೆಚ್ಚಿನ ಹಣ ಸೇರಿಸಿ ಕೊಡಲಿ. ಜಾಗವನ್ನು ಸರಕಾರ ಒದಗಿಸಲಿ. ಇಷ್ಟಾದ ಮೇಲೂ ಅಲ್ಲಿಯೇ ಕಟ್ಟುವೆನೆಂಬವನು ನಿಜವಾದ ಹಪ್ತೆಯನ್ನು ತಾನೇ ತುಂಬಲಿ. ಜಾಗ ಕೊಡದೆ ವಿಮೆ ನಿಲ್ಲಿಸುವುದು ಮಾತ್ರ ಅನ್ಯಾಯ.

ಸಭಾಸದರು ಈಗಲೇ ಮಾಡತಕ್ಕ ಕೆಲಸಗಳು:

1. ತಮ್ಮ ಮನೆ ಯಾವ ರೇಖೆಯೊಳಗಿದೆ ಎಂದು ಪಾಟಬಂಧಾರೆ ಕಚೇರಿಯಲ್ಲಿ ವಿಚಾರಿಸಿರಿ.
2. ಹಿಂದಿನ ಪೂರದ ನೀರು ಮುಟ್ಟಿದ ಮಟ್ಟವನ್ನು ಗೋಡೆಯ ಮೇಲೆ ಬಣ್ಣದಿಂದ ಗುರುತಿಸಿರಿ.
3. ಪಾಲಿಸಿಯಲ್ಲಿ ಪೂರದ ಹಾನಿ ಸೇರಿದೆಯೇ ಎಂದು ಓದಿಸಿ ತಿಳಿಯಿರಿ. ಮನೆಯ ಫೋಟೋ, ಕಾಗದಪತ್ರ ಎತ್ತರದ ಜಾಗದಲ್ಲಿಡಿರಿ.
4. ಹೊಸ ಮನೆಗೆ ಪಾಯ ತೆಗೆಯುವ ಮುನ್ನ ಆ ಗುರುತನ್ನು ಒಮ್ಮೆ ನೋಡಿರಿ.

ಪಂಪಿನ ಮನೆ ಹೊಳೆ ಬಿಟ್ಟು ದೂರ ಹೋಗಲಾರದು. ಮಕ್ಕಳು ಮಲಗುವ ಮನೆ ಹೋಗಬಲ್ಲದು.

— ಕಬ್ಬು ಅಭಿವೃದ್ಧಿ ಅಧಿಕಾರಿ