ನೂರು ವರ್ಷದ ಮೇಲೆ ಹೊಳೆ ಹತ್ತಿದ ಸಾಲ್ಮನ್

ಮೇಲಿನ ರೈತನಿಗೆ ನೀರು ಬಿಟ್ಟರೆ ಕೆಳಗಿನವನ ಅನ್ನಕ್ಕೆ ಕಲ್ಲು. ಕೆಳಗಿನವನಿಗೆ ಬಿಟ್ಟರೆ ಮೇಲಿನವನ ಬೆಳೆ ಒಣಗುತ್ತೆ. ಈ ಜಗಳ ನಮಗೆ ಹೊಸದಲ್ಲ. ಅಮೆರಿಕದ ಪಶ್ಚಿಮದಲ್ಲಿ ಕ್ಲಾಮತ್ ಅಂತ ಒಂದು ಹೊಳೆ ಇದೆ. ಅಲ್ಲೂ ಇದೇ ಜಗಳ. ಮೇಲೆ ಆಲೂಗಡ್ಡೆ, ಈರುಳ್ಳಿ, ಕುದುರೆ ಮಸಾಲೆ ಮೇವು ಬೆಳೆಯುವ ರೈತರು. ಕೆಳಗೆ ಸಾಲ್ಮನ್ ಮೀನು ನಂಬಿ ಬದುಕುವ ಬುಡಕಟ್ಟಿನವರು, ಸಮುದ್ರದ ಬೆಸ್ತರು. 2024ರಲ್ಲಿ ಈ ಹೊಳೆಯ ನಾಲ್ಕು ಅಣೆಕಟ್ಟೆಗಳನ್ನು ತೆಗೆದು ಮುಗಿಸಿದರು, ಮೀನು ವಾಪಸು ಬಂತು.

ಮಳೆ ನಂಬಿ ಬಿತ್ತುವವನಿಗೆ ಮೀನಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಇದು ಎಷ್ಟು ಮೀನಿನ ಕತೆಯೋ ಅಷ್ಟೇ ರೈತರ ಕತೆ. ಅದಕ್ಕೇ ಬರೆಯುತ್ತಿದ್ದೇನೆ.

ಹುಟ್ಟಿದ ಹಳ್ಳಕ್ಕೇ ವಾಪಸು

ಸಾಲ್ಮನ್ ಹುಟ್ಟುವುದು ಸಿಹಿನೀರಿನಲ್ಲಿ, ಬೆಳೆಯುವುದು ಸಮುದ್ರದಲ್ಲಿ. ಹೆಣ್ಣು ಮೀನು ತಣ್ಣನೆಯ ಹಳ್ಳದ ಜಲ್ಲಿಯನ್ನು ಬಾಲದಿಂದ ತೋಡಿ ಮೊಟ್ಟೆ ಇಡುತ್ತದೆ. ಜಲ್ಲಿಯ ಸಂದಿಯಲ್ಲಿ ನೀರು ಹರಿಯುತ್ತಿರಬೇಕು. ಹೂಳು ತುಂಬಿದರೆ ಮೊಟ್ಟೆ ಉಸಿರು ಕಟ್ಟಿ ಸಾಯುತ್ತದೆ. ಮರಿ ಕೆಲವು ತಿಂಗಳಲ್ಲಿ ಹೊಳೆ ಇಳಿದು ಸಮುದ್ರ ಸೇರುತ್ತದೆ. ಮೂರು ನಾಲ್ಕು ವರ್ಷ ಅಲ್ಲಿ ಮೇಯ್ದು, ಹುಟ್ಟಿದ ಹಳ್ಳದ ನೀರಿನ ವಾಸನೆ ಹಿಡಿದು ವಾಪಸು ಬರುತ್ತದೆ. ಹೊಳೆ ಹತ್ತಲು ಶುರುಮಾಡಿದ ಮೇಲೆ ಆಹಾರ ಬಿಡುತ್ತದೆ. ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತದೆ. ಆ ಹೆಣ ಕರಡಿಗೆ, ಹಕ್ಕಿಗೆ, ಹುಳಕ್ಕೆ ಊಟ, ದಡದ ಮರಕ್ಕೆ ಗೊಬ್ಬರ. ಸಮುದ್ರದ ಸಾರವನ್ನು ಗುಡ್ಡಕ್ಕೆ ಹೊತ್ತು ತರುವ ಗೊಬ್ಬರದ ಗಾಡಿ ಅನ್ನಿ.

ಕ್ಲಾಮತ್ ಹೊಳೆಯ ಉದ್ದ ಸುಮಾರು 410 ಕಿಲೋಮೀಟರ್. ಆರೆಗಾನ್ ರಾಜ್ಯದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಸಮುದ್ರ ಸೇರುತ್ತದೆ. ಒಂದು ಕಾಲಕ್ಕೆ ಆ ಕರಾವಳಿಯಲ್ಲಿ ಸಾಲ್ಮನ್‌ಗೆ ಮೂರನೇ ದೊಡ್ಡ ಹೊಳೆ ಇದು. ಯುರೋಕ್, ಕರೂಕ್, ಹೂಪಾ, ಕ್ಲಾಮತ್ ಬುಡಕಟ್ಟಿನವರಿಗೆ ಈ ಮೀನೇ ಅನ್ನ, ಇದೇ ದೇವರು.

ಎರಡು ಕೆಟ್ಟ ವರ್ಷ

ಹೊಳೆಯ ಮೇಲ್ಭಾಗದಲ್ಲಿ ಮಳೆ ನಮ್ಮ ಬಯಲುಸೀಮೆಗಿಂತಲೂ ಕಡಿಮೆ. 1905ರಲ್ಲಿ ಮಂಜೂರಾದ ಸರ್ಕಾರಿ ನೀರಾವರಿ ಯೋಜನೆ ಅಲ್ಲಿನ ದೊಡ್ಡ ಕೆರೆಯಿಂದ ಎರಡು ಲಕ್ಷ ಎಕರೆಗೆ ನೀರು ಕೊಟ್ಟಿತು. ಯುದ್ಧ ಮುಗಿಸಿ ಬಂದ ಸೈನಿಕರಿಗೆ ಚೀಟಿ ಎತ್ತಿ ಅಲ್ಲಿ ಭೂಮಿ ಹಂಚಿದರು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಉಳುತ್ತಿದ್ದಾರೆ.

2001ರಲ್ಲಿ ಬರ ಬಂತು. ಅಳಿವಿನಂಚಿನ ಜೀವಿಗಳ ಕಾಯ್ದೆಯ ಪ್ರಕಾರ ಕೆರೆಯ ಎರಡು ಜಾತಿ ಮೀನಿಗೆ, ಹೊಳೆಯ ಕೋಹೊ ಸಾಲ್ಮನ್‌ಗೆ ಮೊದಲು ನೀರು ಉಳಿಸಬೇಕಾಗಿತ್ತು. ಏಪ್ರಿಲ್‌ನಲ್ಲಿ, ಇನ್ನೇನು ಬಿತ್ತನೆ ಅನ್ನುವಾಗ, ಈ ವರ್ಷ ನೀರಿಲ್ಲ ಅಂದರು. ಸಾವಿರಕ್ಕೂ ಹೆಚ್ಚು ಒಕ್ಕಲು ಕಂಗಾಲು. ಮೇ ತಿಂಗಳಲ್ಲಿ ಕ್ಲಾಮತ್ ಫಾಲ್ಸ್ ಪಟ್ಟಣದಲ್ಲಿ ಸಾವಿರಾರು ಜನ ಸಾಲಾಗಿ ನಿಂತು, ಬಕೆಟ್ಟಿನಲ್ಲಿ ನೀರು ಕೈಯಿಂದ ಕೈಗೆ ದಾಟಿಸಿ ನಾಲೆಗೆ ಸುರಿದು ಪ್ರತಿಭಟಿಸಿದರು.

ಮರುವರ್ಷ ರೈತರಿಗೆ ನೀರು ಬಿಟ್ಟರು. ಹೊಳೆಯಲ್ಲಿ ಹರಿವು ಇಳಿಯಿತು. 2002ರ ಸೆಪ್ಟೆಂಬರ್‌ನಲ್ಲಿ ಮೊಟ್ಟೆ ಇಡಲು ಬಂದ ಮೀನುಗಳು ಬೆಚ್ಚಗಿನ ಕಡಿಮೆ ನೀರಿನಲ್ಲಿ ಕಿಕ್ಕಿರಿದವು. ಕಿವಿರಿಗೆ ರೋಗ ಹತ್ತಿತು. ಕೆಲವೇ ದಿನಗಳಲ್ಲಿ 30 ಸಾವಿರಕ್ಕೂ ಹೆಚ್ಚು ಮೀನು ಸತ್ತು ದಡ ನಾರಿತು. ಬಿತ್ತನೆ ಬೀಜವೇ ಕೊಳೆತು ಹೋದಂತೆ ಆಯ್ತು. 2006ಕ್ಕೆ ಕ್ಲಾಮತ್ ಮೀನು ಎಷ್ಟು ಇಳಿಯಿತೆಂದರೆ, ಸುಮಾರು 1,100 ಕಿಲೋಮೀಟರ್ ಕರಾವಳಿಯಲ್ಲಿ ಬೆಸ್ತರ ಹಂಗಾಮನ್ನೇ ಮೊಟಕು ಮಾಡಿದರು.

ಒಂದು ವರ್ಷ ರೈತ ಸೋತ, ಮರುವರ್ಷ ಮೀನು ಸೋತಿತು, ಆಮೇಲೆ ಬೆಸ್ತ ಸೋತ. ಗೆದ್ದವರು ಯಾರೂ ಇಲ್ಲ.

ಅಣೆಕಟ್ಟೆಯ ಲೆಕ್ಕ

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ತೆಗೆದ ನಾಲ್ಕು ಅಣೆಕಟ್ಟೆ ರೈತರಿಗೆ ನೀರು ಕೊಡುವವಲ್ಲ. ರೈತರ ಕೆರೆ, ತೂಬು, ನಾಲೆ ಎಲ್ಲ ಅವುಗಳಿಗಿಂತ ಮೇಲೆ ಇದ್ದವು, ಈಗಲೂ ಇವೆ. ಇವು ಪೆಸಿಫಿಕಾರ್ಪ್ ಎಂಬ ಕಂಪನಿಯ ಕರೆಂಟಿನ ಕಟ್ಟೆಗಳು: 1918ರ ಕಾಪ್ಕೊ ಒಂದು, 1925ರ ಕಾಪ್ಕೊ ಎರಡು, 1958ರ ಜೆ.ಸಿ. ಬಾಯ್ಲ್, 1960ರ ದಶಕದ ಐರನ್ ಗೇಟ್. ನಿಂತ ನೀರು ಬಿಸಿಯಾಗಿ ವಿಷದ ಪಾಚಿ ಕಟ್ಟುತ್ತಿತ್ತು. ಮೀನಿಗೆ ಮೇಲಿನ ದಾರಿ ಪೂರ್ತಿ ಬಂದ್.

ಕಂಪನಿಯ ಲೈಸೆನ್ಸ್ 2006ಕ್ಕೆ ಮುಗಿಯಿತು. ಹೊಸ ಲೈಸೆನ್ಸ್ ಬೇಕಾದರೆ ಮೀನು ಹತ್ತಲು ಏಣಿಯಂಥ ದಾರಿ ಕಟ್ಟಬೇಕಿತ್ತು. ಲೆಕ್ಕ ಹಾಕಿದಾಗ, ಅದಕ್ಕಿಂತ ಕಟ್ಟೆ ತೆಗೆಸುವುದೇ ಕಂಪನಿಗೆ ಅಗ್ಗ ಅಂತ ಕಂಡಿತು. ನಾಲ್ಕೂ ಸೇರಿ ಕೊಡುತ್ತಿದ್ದ ವಿದ್ಯುತ್ತು ಅದರ ಒಟ್ಟು ವಿದ್ಯುತ್ತಿನ ನೂರಕ್ಕೆ ಎರಡು ಪಾಲಿಗಿಂತ ಕಡಿಮೆ. ಕೊನೆಗೆ ಗೊತ್ತಾದ ಖರ್ಚು 45 ಕೋಟಿ ಡಾಲರ್. ಅದರಲ್ಲಿ 20 ಕೋಟಿ ಕರೆಂಟ್ ಬಿಲ್ಲಿನಿಂದ, 25 ಕೋಟಿ ಕ್ಯಾಲಿಫೋರ್ನಿಯಾದ ಬೊಕ್ಕಸದಿಂದ.

ಜಗಳದವರು ಒಂದೇ ಜಮಖಾನೆಯ ಮೇಲೆ

ಕೋರ್ಟು ಕಚೇರಿ ಅಲೆದು ಸಾಕಾದ ಮೇಲೆ ರೈತರು, ಬುಡಕಟ್ಟಿನವರು, ಬೆಸ್ತರು ಎದುರುಬದುರು ಕೂತು ಮಾತಾಡಿದರು. 2010ರಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಎಲ್ಲರೂ ಒಪ್ಪಲಿಲ್ಲ, ಹೂಪಾದವರು ಸಹಿ ಹಾಕಲಿಲ್ಲ. ಒಪ್ಪಿದವರ ಪ್ರಕಾರ ಮೀನಿಗಾಗಿ ಕಟ್ಟೆ ತೆಗೆಯಬೇಕು, ರೈತರಿಗೆ ನೀರಿನ ಖಾತ್ರಿ ಮತ್ತು ಪಂಪಿನ ಕರೆಂಟಿಗೆ ನೆರವು ಸಿಗಬೇಕು. ಇಬ್ಬರೂ ಒಂದಿಷ್ಟು ಬಿಟ್ಟುಕೊಟ್ಟಿದ್ದರು.

ಆದರೆ ಅಮೆರಿಕದ ಸಂಸತ್ತು ಇದಕ್ಕೆ ಮಂಜೂರಾತಿ ಕೊಡಲಿಲ್ಲ. 2015ರ ಕೊನೆಗೆ ಒಪ್ಪಂದದ ಅವಧಿ ತೀರಿತು. 2016ರಲ್ಲಿ ಕಟ್ಟೆಯ ಬಾಬ್ತನ್ನು ಮಾತ್ರ ಬೇರೆ ಮಾಡಿ ಮುಂದುವರಿಸಿದರು. ರೈತರ ನೀರಿನ ಬಾಬ್ತು ಹಾಗೇ ಉಳಿಯಿತು. ಕಟ್ಟೆಗೆ ಕೇಂದ್ರದ ಕೊನೆಯ ಒಪ್ಪಿಗೆ ಸಿಕ್ಕಿದ್ದು 2022ರ ನವೆಂಬರ್‌ನಲ್ಲಿ.

ಒಡೆದದ್ದು, ಬಿತ್ತಿದ್ದು

2023ರಲ್ಲಿ ಚಿಕ್ಕ ಕಟ್ಟೆ ಹೋಯ್ತು. 2024ರ ಜನವರಿಯಿಂದ ಉಳಿದ ಮೂರರ ನೀರು ಇಳಿಸಿದರು. ದಶಕಗಳ ಹೂಳು ಹೊಳೆಯಲ್ಲಿ ಕೊಚ್ಚಿ ಬಂತು. ಆ ವಸಂತದಲ್ಲಿ ಒಂದು ಅನಾಹುತವೂ ಆಯ್ತು. ಐರನ್ ಗೇಟ್‌ಗಿಂತ ಮೇಲೆ ಬಿಟ್ಟ ಸುಮಾರು 8 ಲಕ್ಷ 30 ಸಾವಿರ ಸಾಕಿದ ಮರಿಗಳು ಕಟ್ಟೆಯ ಸುರಂಗ ದಾಟುವಾಗ ನೀರಿನ ಒತ್ತಡದಿಂದ ಸತ್ತವು. ಆಮೇಲಿನ ಮರಿಗಳನ್ನು ಕಟ್ಟೆಯ ಕೆಳಗೆ ಬಿಟ್ಟರು.

ನನಗೆ ಬಹಳ ಹಿಡಿಸಿದ್ದು ಬೀಜದ ಕೆಲಸ. ನೀರು ಇಳಿದಾಗ ಬೋಳು ಕೆಸರು ಉಳಿಯುತ್ತೆ, ಬಿಟ್ಟರೆ ಕಳೆ ಹತ್ತುತ್ತೆ, ಮಣ್ಣು ಕೊಚ್ಚಿ ಹೋಗುತ್ತೆ ಅಂತ ಮೊದಲೇ ಯೋಚಿಸಿದ್ದರು. ಕೆಲವು ವರ್ಷ ಮುಂಚಿನಿಂದಲೇ ಯುರೋಕ್ ಜನ ಸುತ್ತಲ ಗುಡ್ಡಗಳಲ್ಲಿ ನಾಟಿ ಹುಲ್ಲು, ಗಿಡಗಳ ಬೀಜ ಕೈಯಲ್ಲಿ ಆರಿಸಿದರು. ಸುಮಾರು ನೂರು ಜಾತಿ. ಅದನ್ನು ಹೊಲಗಳಲ್ಲಿ ಬೆಳೆಸಿ ಸಾವಿರ ಕೋಟಿಗೂ ಹೆಚ್ಚು ಬೀಜ ಮಾಡಿಕೊಂಡು, ಕೆಸರಿನ ಹಸಿ ಆರುವ ಮೊದಲೇ ಬಿತ್ತಿದರು. ಹದ ತಪ್ಪಿಸಲಿಲ್ಲ ನೋಡಿ.

ಮೀನು ಬಂತು

ಕಟ್ಟೆಯ ಕೆಲಸ ಮುಗಿದ ಕೆಲವೇ ದಿನಕ್ಕೆ, 2024ರ ಅಕ್ಟೋಬರ್ 16ರಂದು, ಆರೆಗಾನ್‌ನ ಸ್ಪೆನ್ಸರ್ ಹಳ್ಳದಲ್ಲಿ ಚಿನೂಕ್ ಸಾಲ್ಮನ್ ಕಂಡಿತು. 1912ರ ನಂತರ ಇದೇ ಮೊದಲು. ಯಾರೂ ಹೊತ್ತು ತಂದು ಬಿಟ್ಟದ್ದಲ್ಲ. ದಾರಿ ತೆರೆದರು, ತಾನಾಗಿ ಬಂತು. 2025ರ ಅಕ್ಟೋಬರ್ ಹೊತ್ತಿಗೆ ರೈತರ ನೀರಿನ ಮೂಲವಾದ ಆ ದೊಡ್ಡ ಕೆರೆಯನ್ನೂ ದಾಟಿ ಮೇಲಿನ ಹೊಳೆಗಳಿಗೆ ಹೋಯಿತು. ಒಟ್ಟು 640 ಕಿಲೋಮೀಟರಿಗೂ ಹೆಚ್ಚು ಹಳ್ಳ ಹೊಳೆ ಈ ಮೀನಿಗೆ ಮತ್ತೆ ತೆರೆದುಕೊಂಡಿದೆ.

ಆದರೂ ಎಲ್ಲ ಸರಿಹೋಯ್ತು ಅನ್ನುವಂತಿಲ್ಲ. ಬೇರೆ ಹೊಳೆಗಳಲ್ಲೂ ಮೀನು ಇಳಿದದ್ದರಿಂದ ಕ್ಯಾಲಿಫೋರ್ನಿಯಾ ಕಡಲಿನಲ್ಲಿ 2023, 2024, 2025 ಮೂರೂ ವರ್ಷ ಮಾರಾಟಕ್ಕೆ ಸಾಲ್ಮನ್ ಹಿಡಿಯುವಂತಿರಲಿಲ್ಲ. ಬೆಸ್ತರ ದೋಣಿ ದಡದಲ್ಲೇ ನಿಂತವು.

ಉಳಿದ ಬಾಕಿ

ರೈತರ ಬಾಬ್ತು ಬಿಟ್ಟದ್ದರ ಫಲ 2021ರ ಬರದಲ್ಲಿ ಕಂಡಿತ್ತು. ದೊಡ್ಡ ನಾಲೆಗೆ ಆ ಹಂಗಾಮು ನೀರೇ ಬಿಡಲಿಲ್ಲ. ರೈತರು ಬೋರ್ ನೀರೆತ್ತಿದರು, ನೂರಾರು ಮನೆಗಳ ಕುಡಿಯುವ ನೀರಿನ ಬಾವಿ ಬತ್ತಿತು. ಅದೇ ವಸಂತದಲ್ಲಿ ಕೆಳಗೆ ಸಾಲ್ಮನ್ ಮರಿಗಳೂ ರೋಗ ಹತ್ತಿ ರಾಶಿ ರಾಶಿ ಸತ್ತವು. ಮತ್ತೆ ಇಬ್ಬರೂ ಸೋತರು.

ಈಗ ಮೀನು ರೈತರ ನಾಲೆಯ ಬಾಯಿಗೇ ಬಂದಿದೆ. ಮರಿ ಹೊಲಕ್ಕೆ ನುಗ್ಗದಂತೆ ಜಾಲರಿ ಹಾಕಬೇಕು. ದೊಡ್ಡ ನಾಲೆಗೆ 2003ರಲ್ಲೇ ಹಾಕಿದ್ದಾರೆ. ಉಳಿದವಕ್ಕೆ ಹಾಕುವ ಖರ್ಚು ಯಾರ ತಲೆ ಮೇಲೆ ಅನ್ನುವುದು ರೈತರ ಚಿಂತೆ. ಆದರೂ 2024ರ ಫೆಬ್ರವರಿಯಲ್ಲಿ ರೈತರ ನೀರು ಬಳಕೆದಾರರ ಸಂಘ ಮತ್ತು ಮೂರು ಬುಡಕಟ್ಟಿನವರು, ಹೊಳೆ ಸುಧಾರಿಸುವ ಕೆಲಸ ಒಟ್ಟಿಗೆ ಮಾಡುತ್ತೇವೆಂದು ಮತ್ತೆ ಸಹಿ ಹಾಕಿದ್ದಾರೆ.

ನನಗೆ ತೋಚುವುದು ಇಷ್ಟು. ನೀರಿನ ಜಗಳದಲ್ಲಿ ಕೂತು ಮಾತಾಡುವುದೇ ದಾರಿ. ಆದರೆ ಒಪ್ಪಿದ್ದೆಲ್ಲ ಒಟ್ಟಿಗೇ ಜಾರಿ ಆಗಬೇಕು. ಒಬ್ಬರ ಪಾಲು ಕೊಟ್ಟು ಇನ್ನೊಬ್ಬರದನ್ನು ಆಮೇಲೆ ನೋಡೋಣ ಅಂದರೆ ರಾಜಿ ಅರ್ಧಕ್ಕೆ ನಿಲ್ಲುತ್ತೆ. ಕ್ಲಾಮತ್‌ನಲ್ಲಿ ಮೀನಿನ ಪಾಲು ಸಂದಾಯವಾಗಿದೆ. ರೈತರ ಪಾಲು ಇನ್ನೂ ಬಾಕಿ ಇದೆ.