ಮೊದಲು ಒಡೆಯಬೇಕಾದ ಕಾಗದ ಯಾವುದು?



ಊರಿನ ಕಾಗದಕ್ಕಾಗಿ ಟಪಾಲಿನವನ ದಾರಿ ಕಾಯುತ್ತಿದ್ದ ದಿನಗಳನ್ನು ನಮ್ಮ ಹಿರಿಯ ಸದಸ್ಯರು ಇಂದಿಗೂ ನೆನೆಯುತ್ತಾರೆ. ಆಗ ತಿಂಗಳಿಗೆ ಬರುತ್ತಿದ್ದುದು ಎರಡೋ ಮೂರೋ ಕಾಗದ. ಯಾವುದನ್ನು ಮೊದಲು ಒಡೆಯಬೇಕೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಂದು ಹಾಗಲ್ಲ. ಹೊಟೇಲಿನ ಕೆಲಸಗಾರನಿಗೂ ಕಚೇರಿಯ ಗುಮಾಸ್ತನಿಗೂ ಒಂದೊಂದು ಈ-ಮೇಲ್ ವಿಳಾಸ ಉಂಟು. ಭವಿಷ್ಯನಿಧಿಯ ಸೂಚನೆ, ಬ್ಯಾಂಕಿನ ಲೆಕ್ಕ, ಮಕ್ಕಳ ಶಾಲೆಯ ಕಾಗದ, ಎಲ್ಲವೂ ಅಲ್ಲಿಗೇ ಬರುತ್ತವೆ. ಅವುಗಳೊಂದಿಗೆ ಅಂಗಡಿಗಳ ಜಾಹೀರಾತುಗಳೂ ಸಾಲುಗಟ್ಟಿ ಬರುತ್ತವೆ. ಕಡೆಗೆ ಬಂದುದು ಮೇಲೆ, ಮೊದಲು ಬಂದುದು ಕೆಳಗೆ, ಇದೇ ಸಾಮಾನ್ಯ ಕ್ರಮ. ಆದರೆ ಬಂದ ಹೊತ್ತಿಗೂ ಕಾಗದದ ಮಹತ್ವಕ್ಕೂ ಏನು ಸಂಬಂಧ?

ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು, ಮೆಟ್ರಿಕ್ಕಿನಾಚೆ ಕಲಿತವರಲ್ಲ. ಆದರೂ ಹಿತೈಷಿಯೊಬ್ಬರು ವಾಚನಾಲಯಕ್ಕೆ ಕೊಟ್ಟ ಹಳೆಯ ಗಣಕಯಂತ್ರದ ಮುಂದೆ ಕುಳಿತು, ತಪ್ಪು ಮಾಡಿ, ತಿದ್ದಿಕೊಂಡು ಕಲಿತ ಒಂದು ಉಪಾಯವನ್ನು ಇಲ್ಲಿ ವಿವರಿಸುತ್ತೇವೆ.

ಈ ವಿಷಯಕ್ಕೂ ನಮ್ಮ ಪವಾಯಿಗೂ ಹಳೆಯ ನಂಟು. ಕೆರೆಯ ಮಗ್ಗುಲಲ್ಲಿರುವ, 1958ರಲ್ಲಿ ಸ್ಥಾಪನೆಯಾದ ಐ.ಐ.ಟಿ.ಯು, 1986ರಲ್ಲಿ ಕೇಂದ್ರ ಸರಕಾರ ಕೈಗೊಂಡ ‘ಅರ್ನೆಟ್’ ಯೋಜನೆಯ ಮೊದಲ ಸಂಸ್ಥೆಗಳಲ್ಲಿ ಒಂದು. ಒಂದು ಯಂತ್ರ ಟೆಲಿಫೋನಿನ ಮೂಲಕ ಇನ್ನೊಂದನ್ನು ಕರೆದು, ಕೂಡಿಟ್ಟ ಕಾಗದಗಳನ್ನು ಒಟ್ಟಿಗೆ ದಾಟಿಸುತ್ತಿದ್ದ ಕಾಲ ಅದು. ಸಾಮಾನ್ಯ ಜನರಿಗೆ ಇಂಟರ್‌ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು, ವಿ.ಎಸ್.ಎನ್.ಎಲ್. ಮೂಲಕ. ಕಡಮೆ ದರದ ಖಾತೆ ಪಡೆದ ವಿದ್ಯಾರ್ಥಿಗಳಿಗೆ ಪರದೆಯ ಮೇಲೆ ಕಾಣುತ್ತಿದ್ದುದು ಬರಿಯ ಅಕ್ಷರ, ಚಿತ್ರವಿಲ್ಲ, ಬಣ್ಣವಿಲ್ಲ. ಅವರು ಕಾಗದ ಓದುತ್ತಿದ್ದುದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ‘ಪೈನ್’ ಎಂಬ ತಂತ್ರಾಂಶದಿಂದ. ಅದೇ ಜಾತಿಯ ಇನ್ನೊಂದು ‘ಮಟ್’. ಮೈಕೆಲ್ ಎಲ್ಕಿನ್ಸ್ ಎಂಬವರು ಅದನ್ನು 1995ರಲ್ಲಿ ಬರೆದರು. ಅದಕ್ಕೆ ಬೆಲೆಯಿಲ್ಲ, ಹಳೆಯ ಯಂತ್ರದಲ್ಲೂ ಚುರುಕಾಗಿ ಓಡುತ್ತದೆ. ನಮ್ಮ ವಾಚನಾಲಯದಲ್ಲಿರುವುದು ಇದೇ.

ಮಟ್ಟಿನ ಪರದೆಯಲ್ಲಿ ಒಂದು ಕಾಗದಕ್ಕೆ ಒಂದು ಸಾಲು: ತಾರೀಖು, ಕಳುಹಿಸಿದವರ ಹೆಸರು, ವಿಷಯ. ಸಾಲಿನ ಆರಂಭದಲ್ಲಿ ಪುಟ್ಟ ಗುರುತುಗಳುಂಟು. ಅನೇಕರು ಅವನ್ನು ಗಮನಿಸುವುದೇ ಇಲ್ಲ. ಕೂಡುವ ಗುರುತು ಇದ್ದರೆ ಕಾಗದ ನಿಮಗೊಬ್ಬರಿಗೇ ಬಂದುದು. ‘ಟಿ’ ಅಕ್ಷರವಿದ್ದರೆ ನಿಮಗೂ ಬೇರೆಯವರಿಗೂ ಬಂದುದು. ‘ಸಿ’ ಇದ್ದರೆ ನಿಮಗೆ ಪ್ರತಿ ಮಾತ್ರ ಕಳುಹಿಸಿದ್ದಾರೆ. ನೀವು ಮೊದಲೇ ಗುರುತಿಸಿಟ್ಟ ಸಮೂಹಪತ್ರಗಳಿಗೆ ‘ಎಲ್’. ಇಷ್ಟನ್ನು ತಿಳಿದರೇ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧವೇ ಅಂಕ ಹಾಕುವುದು. ‘ಸ್ಕೋರ್’ ಎಂಬ ಪದ, ಅದರ ಮುಂದೆ ಕಾಗದದ ಲಕ್ಷಣ, ಅದರ ಮುಂದೆ ಅಂಕ, ಹೀಗೆ ಒಂದೊಂದು ನಿಯಮವನ್ನು ಒಂದೊಂದು ಸಾಲಿನಲ್ಲಿ ಬರೆದಿಡಬೇಕು. ಲಕ್ಷಣವೆಂದರೆ ಕಳುಹಿಸಿದವರ ವಿಳಾಸವಾಗಬಹುದು, ವಿಷಯದ ಸಾಲಿನ ಒಂದು ಮಾತಾಗಬಹುದು, ನಿಮ್ಮ ವಿಳಾಸಕ್ಕೇ ಬಂದಿದೆಯೆಂಬುದಾಗಬಹುದು. ಹೊಂದುವ ನಿಯಮಗಳ ಅಂಕಗಳನ್ನೆಲ್ಲ ಯಂತ್ರವು ಕೂಡುತ್ತದೆ, ಕಳೆಯುವುದನ್ನು ಕಳೆಯುತ್ತದೆ. ಮೊತ್ತ ಸೊನ್ನೆಗಿಂತ ಕೆಳಗಿಳಿದರೆ ಸೊನ್ನೆಯೆಂದೇ ಹಿಡಿಯುತ್ತದೆ. ಅಂಕದ ಮೇಲೆ ಜೋಡಿಸೆಂದು ಹೇಳಿದರೆ ಹೆಚ್ಚು ಅಂಕದ ಕಾಗದ ಮೇಲಕ್ಕೇರುತ್ತದೆ.

ಒಂದು ಮಾತು ನೆನಪಿರಲಿ: ಅಂಕ ಹಾಕುವಾಗ ಮಟ್ ಕಾಗದವನ್ನು ಒಡೆದು ಓದುವುದಿಲ್ಲ, ಲಕೋಟೆಯ ಹೊರಮೈಯನ್ನಷ್ಟೇ ನೋಡುತ್ತದೆ. ಟಪಾಲು ವಿಂಗಡಿಸುವವನೂ ಹೀಗೆಯೇ ಅಲ್ಲವೆ? 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂದ ಮೇಲೆ 400076 ಎಂಬ ಅಂಕಿ ಕಂಡೊಡನೆ ಆತ ಕಾಗದವನ್ನು ಪವಾಯಿಯ ಖಾನೆಗೆ ಹಾಕುತ್ತಾನೆ. ಒಳಗಿರುವುದು ಮದುವೆಯ ಕರೆಯೋ ಸಾವಿನ ಸುದ್ದಿಯೋ ಆತನಿಗೆ ತಿಳಿಯದು.

ಈಗ ನಮ್ಮ ತಪ್ಪನ್ನು ಹೇಳಬೇಕು. ಹೊಟೇಲಿನಲ್ಲಿ ದುಡಿಯುವ ಸದಸ್ಯರೊಬ್ಬರ ಪೆಟ್ಟಿಗೆಯಲ್ಲಿ ನೂರಾರು ಜಾಹೀರಾತುಗಳು ತುಂಬಿದ್ದವು. ನಾವು ಉತ್ಸಾಹದಿಂದ ಅವರ ಅಣ್ಣ, ಧಣಿ, ಬ್ಯಾಂಕು, ಭವಿಷ್ಯನಿಧಿ, ಇಷ್ಟು ವಿಳಾಸಗಳಿಗೆ ಅಂಕ ಬರೆದೆವು. ಅಂಕ ಬಂದ ಕಾಗದಗಳನ್ನು ಮಾತ್ರ ತೋರಿಸೆಂದು ಯಂತ್ರಕ್ಕೆ ಹೇಳಿದೆವು. ಪರದೆ ಅಂಗಳ ಗುಡಿಸಿದಂತೆ ಚೊಕ್ಕಟವಾಯಿತು. ಅವರೂ ಸಂತೋಷಪಟ್ಟರು, ನಾವೂ ಬೀಗಿದೆವು. ಹದಿನೈದು ದಿನಗಳಾದ ಮೇಲೆ ಊರಿನಿಂದ ಮಗಳ ಫೋನು ಬಂತು. ಆಕೆಯ ಕಾಲೇಜಿನ ವಸತಿಗೃಹದಿಂದ ತಂದೆಯ ವಿಳಾಸಕ್ಕೆ ಕಾಗದ ಬಂದಿತ್ತು; ಹಣ ಕಟ್ಟಲು ಹಿಂದಿನ ದಿನವೇ ಕಡೆಯ ದಿನ. ಕಾಗದ ಕಳೆದುಹೋಗಿರಲಿಲ್ಲ. ಗುರುತಿಲ್ಲದ ವಿಳಾಸದಿಂದ ಬಂದುದರಿಂದ ಸೊನ್ನೆ ಅಂಕ ಪಡೆದು, ಜಾಹೀರಾತುಗಳ ಜೊತೆ ಮರೆಯಲ್ಲಿ ಕುಳಿತಿತ್ತು. ಆ ಹುಡುಗಿ ಈಗ ದಿನವೂ ಬಸ್ಸಿನಲ್ಲಿ ಎರಡು ಗಂಟೆ ಹೋಗಿ, ಎರಡು ಗಂಟೆ ಬರುತ್ತಾಳೆ. ತಂದೆ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ತಪ್ಪು ಯಂತ್ರದ್ದಲ್ಲ, ನಮ್ಮ ನಿಯಮದ್ದು. ಗುರುತಿಲ್ಲದವರೆಲ್ಲ ಬೇಡದವರೆಂದು ಎಣಿಸಿದೆವು. ಊರು ಬಿಟ್ಟು ಬಂದ ನಮ್ಮಂಥವರ ಬಾಳಿನಲ್ಲಿ ಹೊಸ ಕೆಲಸದ ಕರೆ, ಹೊಸ ಶಾಲೆ, ಹೊಸ ಆಸ್ಪತ್ರೆ, ಎಲ್ಲವೂ ಮೊದಲ ಸಲ ಗುರುತಿಲ್ಲದವರಿಂದಲೇ ಬರುತ್ತವೆ. ನಾವೇ ಈ ನಗರಕ್ಕೆ ಗುರುತಿಲ್ಲದವರಾಗಿ ಬಂದವರಲ್ಲವೆ? ಆದುದರಿಂದ ನಿಯಮವನ್ನು ತಿರುಗಿಸಿ ಬರೆದೆವು: ಗುರುತಿಲ್ಲದವರನ್ನು ಶಿಕ್ಷಿಸಬಾರದು, ಗುರುತಾದ ಉಪದ್ರವಿಗಳನ್ನು ಮಾತ್ರ ಕೆಳಗಿಳಿಸಬೇಕು.

ಈಗಿನ ಲೆಕ್ಕ ಹೀಗಿದೆ. ನಿಮ್ಮ ವಿಳಾಸಕ್ಕೇ ಬಂದ ಯಾವ ಕಾಗದಕ್ಕೂ 10 ಅಂಕ. ಮನೆಯವರು, ಬ್ಯಾಂಕು, ಕೆಲಸದ ಕಚೇರಿ, ಇವರಿಗೆ ಇನ್ನೂ 20. ವಿಷಯದಲ್ಲಿ ಅಡ್ಮಿಷನ್, ಇಂಟರ್‌ವ್ಯೂ, ಹಾಸ್ಟೆಲ್, ಹೀಗೆ ನೀವು ಸದ್ಯ ಕಾಯುತ್ತಿರುವ ಕೆಲಸದ ಮಾತಿದ್ದರೆ 15. ಪದೇಪದೇ ಕಾಡುವ ಅಂಗಡಿಯ ವಿಳಾಸಕ್ಕೆ 30 ಕಳೆಯಬೇಕು. ಈ ಪ್ರಕಾರ ಅಣ್ಣನ ಕಾಗದಕ್ಕೆ 30, ಗುರುತಿಲ್ಲದ ವಸತಿಗೃಹದ ಕಾಗದಕ್ಕೆ 25, ಅಂಗಡಿಯದಕ್ಕೆ ಸೊನ್ನೆ. ಹೊಸ ಅಂಗಡಿಯೊಂದು 10 ಅಂಕ ಪಡೆದು ಮೇಲೆ ಬಂದೀತು, ಬರಲಿ. ಒಂದು ಸಲ ನೋಡಿ ಅದರ ವಿಳಾಸವನ್ನು ಕಳೆಯುವ ಪಟ್ಟಿಗೆ ಸೇರಿಸಿದರಾಯಿತು.

ಇನ್ನು ಮೂರು ಎಚ್ಚರಿಕೆಗಳು. ಮೊದಲನೆಯದು, ‘ತುರ್ತು’ ಎಂಬ ಮಾತಿಗೆ ಅಂಕ ಕೊಡಬೇಡಿ. ಅದು ಕಳುಹಿಸಿದವನ ಅವಸರ, ನಿಮ್ಮದಲ್ಲ. ಮೋಸಗಾರರಿಗೆ ಬಲು ಪ್ರಿಯವಾದ ಮಾತೂ ಅದೇ. ಎರಡನೆಯದು, ಕಡಮೆ ಅಂಕದ ಕಾಗದವನ್ನು ತಾನಾಗಿ ಅಳಿಸೆಂದು ಯಂತ್ರಕ್ಕೆ ಹೇಳಬೇಡಿ. ಭಾನುವಾರಕ್ಕೊಮ್ಮೆ ತಳದವರೆಗೆ ಕಣ್ಣಾಡಿಸಿ. ಮೂರನೆಯದು, ಇಂಥ ಪರದೆಯಲ್ಲಿ ಕನ್ನಡ ಅಕ್ಷರಗಳು ಒಡೆದು ಕಾಣುವುದುಂಟು, ಚಿತ್ರಗಳು ಕಾಣುವುದಿಲ್ಲ. ಅಂಥ ಕಾಗದವನ್ನು ಬೇರೆ ಕಡೆ ತೆರೆದು ಓದಿರಿ.

ಕೈಯಲ್ಲಿರುವ ಫೋನು ಇದನ್ನೆಲ್ಲ ತಾನೇ ಮಾಡುತ್ತದಲ್ಲ ಎಂದು ತರುಣರು ಕೇಳುತ್ತಾರೆ. ನಿಜ, 2010ರಲ್ಲಿ ಜಿಮೇಲು ಮುಖ್ಯ ಕಾಗದಗಳನ್ನು ತಾನೇ ಊಹಿಸಿ ಮೇಲಿಡುವ ಏರ್ಪಾಡನ್ನು ತಂದಿತು. ಆದರೆ ಅದು ನಿಮ್ಮ ಹಿಂದಿನ ನಡತೆ ನೋಡಿ ಊಹಿಸುತ್ತದೆ. ಮುಂದಿನ ತಿಂಗಳು ಮಗಳು ಕಾಲೇಜು ಸೇರುವ ಸಂಗತಿ ಅದಕ್ಕೆ ಹೇಗೆ ತಿಳಿಯಬೇಕು? ಅದನ್ನು ಬಲ್ಲವರು ನೀವು. ಫೋನಿನಲ್ಲೇ ಓದುವವರೂ ಇದೇ ವಿಚಾರವನ್ನು ಅಲ್ಲಿ ನಡೆಸಬಹುದು.

ಬರುವ ಭಾನುವಾರ ವಾಚನಾಲಯಕ್ಕೆ ಬರುವಾಗ ಒಂದು ಚೀಟಿಯಲ್ಲಿ ಎರಡು ಸಂಗತಿ ಬರೆದು ತನ್ನಿ: ಈ ಮೂರು ತಿಂಗಳಲ್ಲಿ ನೀವು ಯಾವ ಕಾಗದಕ್ಕಾಗಿ ಕಾಯುತ್ತಿದ್ದೀರಿ, ಅದರ ಕಡೆಯ ದಿನ ಯಾವುದು. ಗುಪ್ತಪದವನ್ನು ನಮಗೆ ಹೇಳಬೇಡಿ, ನೀವೇ ಒತ್ತಿರಿ. ನಿಯಮ ಬರೆಯುವುದನ್ನು ಕೂಡಿ ಮಾಡೋಣ. ಆ ಹುಡುಗಿಯ ತಂದೆಯೂ ಅಂದು ಬರುತ್ತಾರೆ. ಈಗ ಹೊಸಬರಿಗೆ ಆ ಕೂಡುವ ಗುರುತನ್ನು ತೋರಿಸಿಕೊಡುವವರು ಅವರೇ.